ವಯಸ್ಸು ಎಷ್ಟಂತ ಬರೀಲಿ?

ಬ್ಯಾನರ್ ಅಂಗಡಿ ಹುಡುಗ ಫೋನಿನ್ಯಾಗ ಕೇಳತಾನ:
"ಅಕ್ಕಾರ, ಅಮ್ಮನ ವಯಸ್ಸು ಎಷ್ಟಂತ ಬರೀಲಿ?
ಫೋಟೋ ಕೂಡಿಸೇನಿ, ಹಾರ ಹಾಕೇನಿ,
ಲಗೂನ ಹೇಳ್ರಿ, ಸಂಜಿಕ ಕರೆಂಟ್ ಹೋಗತೈತಿ."

ಮಣ್ಣು ಕೊಟ್ಟು ಬಂದ ಮಂದಿ
ಕಟ್ಟಿ ಮ್ಯಾಲೆ ಅರ್ಧ, ಮಗ್ಗದ ಕುಣಿ ಸುತ್ತ ಅರ್ಧ.
ಯಾರಿಗೂ ಗೊತ್ತಿಲ್ಲ.

ಆಧಾರ್ ಕಾರ್ಡಿನ್ಯಾಗ ಜನವರಿ ಒಂದು.
ಗುಳೇದಗುಡ್ಡದ ಈ ಓಣ್ಯಾಗ
ಮುದುಕರೆಲ್ಲಾ ಹುಟ್ಟಿದ್ದು ಜನವರಿ ಒಂದಕ್ಕ.
ಸಾಲಿ ಮಾಸ್ತರ ಒಬ್ಬಾಂವ
ಒಂದ ಮಧ್ಯಾಹ್ನ ಕೂತು ಎಲ್ಲಾರನೂ ಹಡದಾನ.

ಶಾಣವ್ವತ್ತಿ ಅಂತಾಳ:
ಸ್ವಾತಂತ್ರ್ಯ ಬಂದಾಗ ಸಾಲಿ ಮುಂದ ಸಕ್ಕರಿ ಹಂಚಿದ್ರಂತ,
ಅವ್ವಗ ಆಗ ಮುಂದಿನ ಎರಡು ಹಲ್ಲು ಇದ್ದಿದ್ದಿಲ್ಲಂತ.
ದೊಡ್ಡಪ್ಪ ಒಪ್ಪೂದಿಲ್ಲ:
ಅಷ್ಟೊತ್ತಿಗೆ ಆಕಿ ಈ ಮನಿ ಸೊಸಿ,
ಆ ಹಲ್ಲು ಒನಕಿ ಬಡದು ಮುರದದ್ದು.
ಗಿರಿಮಲ್ಲ ಕಾಕಾ ನಡುವ ಬಾಯಿ ಹಾಕಿ:
ಕೆಂಪು ಜ್ವಾಳ ಬಂದ ವರ್ಷ ನಾ ಹೊಟ್ಟ್ಯಾಗಿದ್ದೆ,
ಅದಕ್ಕ ನನಗ ಇವತ್ತಿಗೂ ರೊಟ್ಟಿ ಸೇರೂದಿಲ್ಲ.

ಎಲ್ಲಾರೂ ತಮ್ಮ ತಮ್ಮ ಹುಟ್ಟಿನಿಂದ ಆಕೀನ ಎಣಸತಾರ.
ಆಕಿ ಹುಟ್ಟಿದ್ದು ನೋಡಿದವರು
ಒಬ್ಬರೂ ಉಳದಿಲ್ಲ.

ನನಗ ಗೊತ್ತಿದ್ದ ಸಂಕಮ್ಮ
ಮಗ್ಗದ ಹಿಂದ, ಮೂಲ್ಯಾಗ, ಬೂದಿ ಬಟ್ಟಲ ಜೋಡಿ.
ಹಳೇ ಹಾಸು ಮುಗೀಲಿಕ್ಕೆ ಬಂತಂದ್ರ
ಹೊಸ ಹಾಸಿನ ಎಳಿ ತಂದು ಅದರ ತುದಿಗೆ ಕೆಚ್ಚತಿದ್ಲು.
ಬೆರಳಿಗೆ ಬೂದಿ, ಒಂದು ತಿರುವು, ಒಂದು ಎಳಿ,
ಮತ್ತೊಂದು ತಿರುವು, ಮತ್ತೊಂದು ಎಳಿ,
ಸಾವಿರಗಟ್ಟಲೆ,
ನಡುವ ಎದ್ದು ಒಲಿಯೊಳಗಿನ ಕಟಗಿ ಮುಂದಕ್ಕ ತಳ್ಳಿ ಬಂದು.
"ಇದು ನಾ ಸುರು ಮಾಡಿದ ಹಾಸಲ್ಲವಾ,
ನಮ್ಮತ್ತಿ ಸುರು ಮಾಡಿದ್ದು, ಆಕಿಗೆ ಆಕಿ ಅತ್ತಿ ಕೊಟ್ಟಿದ್ದು.
ನಾ ಬರೇ ಗಂಟು ಹಾಕಾಕಿ."

ಮುತ್ಯಾ ಸತ್ತಾಗ ಓಣಿ ಮಂದಿ
ಇನ್ನ ಖಣದ ಕುಬಸ ಬ್ಯಾಡ ಅಂದ್ರಂತ.
"ನಾನ ಕೆಚ್ಚಿದ್ದು, ನಾನ ತೊಡತೀನಿ" ಅಂದ್ಲಂತ.
ನಲವತ್ತು ವರ್ಷ ತೊಟ್ಟಳು,
ಬಗಲು ಹರದಲ್ಲೆ ಬ್ಯಾರೆ ಬಣ್ಣದ ತ್ಯಾಪಿ.

ಕಣ್ಣಿಗೆ ಪೊರೆ ಬಂದ ಮ್ಯಾಲೆ
ಬೆರಳೇ ನೋಡತಿದ್ದವು.
ಬಾಗಲಕೋಟಿ ದವಾಖಾನಿಯಿಂದ ಕರಕೊಂಡು ಬಂದ ದಿನ
ಹಸರು ಕನ್ನಡಕ ಮ್ಯಾಲೆತ್ತಿ
ಮೊದಲ ನೋಡಿದ್ದು ನಮ್ಮನ್ನಲ್ಲ, ಗಳದ ಮ್ಯಾಲಿನ ಖಣ:
"ಈ ಹೂವಿಗೆ ಒಂದು ಎಸಳು ಕಡಿಮಿ ಐತಿ,
ಯಾವ ಭಾಡ್ಯಾ ನೇದಾನ?"
ಅಪ್ಪ, ಅರವತ್ತರ ಹುಡುಗ,
ಹಿತ್ತಲಕ್ಕ ಜಾರಿಕೊಂಡ.

ಆಯಾರ ಮಾಡೂದರಾಗ ಮಾತ್ರ ಭಾಳ ಕಟ್ಟುನಿಟ್ಟು.
ಐವತ್ತಿದ್ರ ಐವತ್ತೊಂದು, ನೂರಿದ್ರ ನೂರೊಂದು.
ಒಂದು ರೂಪಾಯಿ ಚಿಲ್ಲರ ಸಿಗಲಿಲ್ಲಂತ
ನನ್ನ ಲಗ್ನದ ಮಂಟಪದಾಗ
ಬೀಗರ ಮುತ್ಯಾನ ಕಡೆ ಕೈ ಚಾಚಿ ನಿಂತಿದ್ಲು.
"ಸರಿ ರೊಕ್ಕ ಅಲ್ಲಿಗೆ ಮುಗೀತು.
ಒಂದು ಹೆಚ್ಚಿಗೆ ಇದ್ರ
ಕೊಡೂದು ತಗೊಳ್ಳೂದು ಇನ್ನೂ ಬಾಕಿ ಐತಿ ಅಂತ."

ಮಗ್ಗದ ಮ್ಯಾಲೆ ಹೋದ ವಾರದ ಹಾಸು ಹಂಗ ಐತಿ.
ಎಡಗಡಿ ಗಂಟು ಬಿದ್ದಾವ, ಸಾಸಿವಿ ಕಾಳಿಗಿಂತ ಸಣ್ಣವು.
ಬಲಗಡಿ ಎಳಿ ಜೋತಾವ.
ಬೂದಿ ಬಟ್ಟಲದಾಗ
ಹೆಬ್ಬೆರಳಿನ ಗುರುತು.
ಅವ್ವ ಅದನ್ನ ತೊಳೀಲಿಕ್ಕೆ ಎತ್ತಿಕೊಂಡಾಕಿ
ಅಲ್ಲೇ ತಿರುಗಿ ಇಟ್ಲು.

ಹುಡುಗ ಮತ್ತ ಫೋನ್ ಮಾಡತಾನ:
"ತೊಂಬತ್ತು ಅಂತ ಹಾಕಿ ಬಿಡಲೇನ್ರಿ?"
ಅಪ್ಪ ಕುಣ್ಯಾಗ ಕಾಲು ಇಳಿಬಿಟ್ಟು ಕೂತಾಂವ
ತಲಿ ಎತ್ತಲಿಲ್ಲ.
"ಒಂದು ಕೂಡಸಂತ ಹೇಳವಾ," ಅಂದ,
"ಸರಿ ಲೆಕ್ಕ ಹಾಕಿದ್ರ
ಆಕಿ ಬೈತಾಳ."